ತಲಪಾಡಿ ದಾಟಿದರೆ ಸ್ಪೈಡರ್‌ಮ್ಯಾನ್‌ಗೆ ಕನ್ನಡ ಬರುತ್ತದೆ

ಕಾಸರಗೋಡಿನ ಕನ್ನಡಿಗರು ಗಂಟುಮೂಟೆ ಕಟ್ಟಿಕೊಂಡು ಹೊರನಾಡಿಗೆ ಹೋದವರಲ್ಲ. 1956ರ ನವೆಂಬರ್ 1ಕ್ಕೆ ಗಡಿಗೆರೆ ಬಿತ್ತು, ಇದ್ದಲ್ಲೇ ಹೊರನಾಡಿಗರಾದರು. ಅದರ ರಾಜಕೀಯ ನಿಮಗೆ ಗೊತ್ತಿರುವುದೇ. ಸಿನೆಮಾ ಹುಚ್ಚಿನವರ ಲೆಕ್ಕ ಮಾತ್ರ ಬೇರೆ ಉಂಟು. ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಸೂಪರ್‌ಹೀರೊ ಚಿತ್ರ ಬಂದರೆ ಟಿಕೆಟ್ ಸಿಕ್ಕೀತೇ ಎಂಬುದೊಂದೇ ಚಿಂತೆ. ಇಲ್ಲಿ ಅದಕ್ಕೂ ಮೊದಲು, ನೋಡುವುದು ಯಾವ ಭಾಷೆಯದ್ದು, ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಈಚೆಗೋ ಆಚೆಗೋ ಎಂಬುದು ತೀರ್ಮಾನವಾಗಬೇಕು.

ವಿತರಕರ ಕಣ್ಣಿಗೆ ಭಾಷೆ ಎಂದರೆ ರಾಜ್ಯ. ಕನ್ನಡಕ್ಕೆ ಡಬ್ ಆದದ್ದು ಕರ್ನಾಟಕಕ್ಕೆ, ಮಲಯಾಳಕ್ಕೆ ಡಬ್ ಆದದ್ದು ಕೇರಳಕ್ಕೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿದ್ದಾರೆ ಎಂಬುದು ಆ ಲೆಕ್ಕದೊಳಗೆ ಬರುವುದಿಲ್ಲ. ಹಾಗಾಗಿ ಗಡಿಯ ಈಚೆಗೆ ಹಾಲಿವುಡ್ ಚಿತ್ರ ಬಂದರೆ ಇಂಗ್ಲಿಷಿನಲ್ಲಿ, ಡಬ್ ಆಗಿದ್ದರೆ ಮಲಯಾಳದಲ್ಲಿ. ಕನ್ನಡದ್ದೇ ಚಿತ್ರ ಮಲಯಾಳ ಕಲಿತು ಬರುವುದೂ ಉಂಟು. 'ಕಾಂತಾರ' ಕನ್ನಡದಲ್ಲಿ ಬಿಡುಗಡೆಯಾದದ್ದು 2022ರ ಸೆಪ್ಟೆಂಬರ್ 30ಕ್ಕೆ, ಅದರ ಮಲಯಾಳ ಡಬ್ ಬಂದದ್ದು ಅಕ್ಟೋಬರ್ 20ಕ್ಕೆ. ಪಂಜುರ್ಲಿ, ಗುಳಿಗನಿಗೆ ಕೋಲ ಕೊಡುವ ಮನೆಗಳಿರುವ ಊರಿಗೆ ಅವರ ಕಥೆ ಅನುವಾದವಾಗಿ ತಲುಪುವುದೆಂದರೆ ತಮಾಷೆಯೇ ಮಾರಾಯ್ರೆ.

ಕನ್ನಡದಲ್ಲಿ ಸೂಪರ್‌ಹೀರೊ ಎಂಬುದು ಕರ್ನಾಟಕದೊಳಗೇ ಹೊಸತು. 1960ರ ದಶಕದಿಂದ ಡಬ್ಬಿಂಗಿಗೆ ಬರಹದಲ್ಲಿಲ್ಲದ ಒಂದು ನಿಷೇಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೂ ದೊಡ್ಡ ಚಿತ್ರಗಳು ಬರಲು ಸಮಯ ಹಿಡಿಯಿತು. 2019ರ 'ಅವೆಂಜರ್ಸ್: ಎಂಡ್‌ಗೇಮ್' ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಇಲ್ಲ. 2022ರ ಡಿಸೆಂಬರಿನಲ್ಲಿ 'ಅವತಾರ್'ನ ಎರಡನೆಯ ಭಾಗ ಕನ್ನಡದಲ್ಲೂ ಬಂತು. 2023ರ ಜೂನಿನಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು. ಅವುಗಳಲ್ಲಿ ಕನ್ನಡವೂ ಒಂದು, ಮಲಯಾಳವೂ ಒಂದು. ಅಂದರೆ ಒಂದೇ ಚಿತ್ರ ತಲಪಾಡಿಯ ಈಚೆಗೊಂದು ಮಾತು, ಆಚೆಗೊಂದು ಮಾತು ಆಡುವ ಸ್ಥಿತಿ.

ಕನ್ನಡ ಡಬ್ ಕೇಳಲಾಗುವುದಿಲ್ಲ ಎಂದು ಮೂಗು ಮುರಿಯುವವರು ಬಹಳ. ಎಲ್ಲ ಚಿತ್ರಕ್ಕೂ ಆ ಮಾತು ಹೊಂದುವುದಿಲ್ಲ. ಡಬ್ಬಿಂಗಿನಲ್ಲಿ ಮೊದಲು ಸಿಕ್ಕಿಬೀಳುವುದು ತುಟಿ. ಪ, ಬ, ಮ ಹೇಳಲು ತುಟಿ ಮುಚ್ಚಲೇಬೇಕು. ತೆರೆಯ ಮೇಲೆ ತುಟಿ ತೆರೆದಿದ್ದು ಕಿವಿಗೆ 'ಬಾ' ಎಂದು ಬಿದ್ದರೆ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಸಂಭಾಷಣೆ ಬರೆಯುವವರು ಅರ್ಥಕ್ಕಿಂತ ಮೊದಲು ತುಟಿಗೆ ಹೊಂದುವ ಪದ ಹುಡುಕಬೇಕಾಗುತ್ತದೆ, ಅಲ್ಲೇ ಮಾತು ಗ್ರಾಂಥಿಕವಾಗುವುದು. ಮುಖ ಪೂರ್ತಿ ಮುಚ್ಚಿಕೊಂಡ ವೀರನಿಗೆ ಈ ಕಷ್ಟವೇ ಇಲ್ಲ. ಸ್ಪೈಡರ್‌ಮ್ಯಾನ್ ಮುಸುಕಿನೊಳಗಿಂದ ಏನು ಹೇಳಿದರೂ ನಡೆಯುತ್ತದೆ. ಬ್ಯಾಟ್‌ಮ್ಯಾನ್‌ನ ಮುಖವಾಡ ಬಾಯಿಯನ್ನೇ ಹೊರಗೆ ಬಿಟ್ಟಿದೆ, ಅವನನ್ನು ಡಬ್ಬಿಂಗಿನಲ್ಲಿ ನೋಡುವುದು ಕಷ್ಟ. ಅನಿಮೇಶನ್, ಪೂರ್ತಿ ಮುಖವಾಡ, 'ಅವತಾರ್'ನ ನೀಲಿ ಮೈಯ ನಾವಿಗಳಂಥ ಜೀವಿಗಳು ಇದ್ದರೆ ಧೈರ್ಯವಾಗಿ ಕನ್ನಡದಲ್ಲಿ ನೋಡಿ. ಮುಖಾಮುಖಿ ಮಾತು ಜಾಸ್ತಿ ಇರುವ ಚಿತ್ರಕ್ಕೆ ಇಂಗ್ಲಿಷೇ ವಾಸಿ.

ಕನ್ನಡದ ಶೋ ಬೇಕಾದರೆ ಮಂಗಳೂರಿಗೆ ಹೋಗಬೇಕು. ಕಾಸರಗೋಡು ಪೇಟೆಯಿಂದ ಸುಮಾರು 50 ಕಿ.ಮೀ. ಮಂಜೇಶ್ವರದವರಿಗಂತೂ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಅದೇ ಹತ್ತಿರ. ಬುಕಿಂಗ್ ಆ್ಯಪ್ ತೆರೆದ ಕೂಡಲೇ ಫೋನಿನ ಲೊಕೇಶನ್ ಹಿಡಿದು ಊರು 'ಕಾಸರಗೋಡು' ಎಂದು ತಾನೇ ಹಾಕಿಕೊಳ್ಳುತ್ತದೆ. ಅದನ್ನು ಕೈಯಾರೆ ಮಂಗಳೂರಿಗೆ ಬದಲಿಸದೆ ಹುಡುಕಿದರೆ ಕನ್ನಡದ ಶೋ ಇಲ್ಲವೇ ಇಲ್ಲ ಎಂದು ಕಾಣುತ್ತದೆ. ಆಮೇಲೆ ಭಾಷೆ, ಅದರ ಪಕ್ಕದಲ್ಲಿ 2ಡಿಯೋ 3ಡಿಯೋ, ಎರಡನ್ನೂ ಓದಿಯೇ ಮುಂದೆ ಒತ್ತಿ. ಗಡಿಬಿಡಿಯಲ್ಲಿ ಹಿಂದಿ 3ಡಿಗೆ ದುಡ್ಡು ಕಟ್ಟುವುದು ಮಾಮೂಲು ತಪ್ಪು. ಡಬ್ ಆದ ಶೋಗಳು ದಿನಕ್ಕೆ ಒಂದೋ ಎರಡೋ ಇರುತ್ತವೆ. ಶುಕ್ರವಾರಕ್ಕೆ ಹೊಸ ಚಿತ್ರ ಬಂತೆಂದರೆ ಮೊದಲು ಕತ್ತರಿ ಬೀಳುವುದು ಅವಕ್ಕೇ. ಎರಡನೇ ವಾರ ನೋಡುವಾ ಎಂದು ಕೂತರೆ ಕೈತಪ್ಪಿತೆಂದೇ ಲೆಕ್ಕ.

ರೈಲಿನಲ್ಲಿ ಹೋಗುವವರು ಮಂಗಳೂರು ಸೆಂಟ್ರಲ್‌ಗೆ ಹೋಗುವ ಗಾಡಿ ಹಿಡಿಯಬೇಕು. ಪಾಂಡೇಶ್ವರದ ಮಾಲ್, ಕೆ.ಎಸ್. ರಾವ್ ರಸ್ತೆಯ ಮಾಲ್, ಎರಡೂ ಅಲ್ಲಿಂದ ಆಟೊದಲ್ಲಿ ಹತ್ತು ನಿಮಿಷದೊಳಗಿನ ದಾರಿ. ಕೊಂಕಣದ ಕಡೆ ಹೋಗುವ ಹಲವು ಗಾಡಿಗಳು ಸೆಂಟ್ರಲ್‌ಗೆ ಬಾರದೆ ಜಂಕ್ಷನ್‌ನಲ್ಲೇ ನಿಂತು ಮುಂದೆ ಹೋಗುತ್ತವೆ. ಅಲ್ಲಿ ಇಳಿದರೆ ಪೇಟೆಗೆ ಬರುವಷ್ಟರಲ್ಲಿ ಹೆಸರು ಹಾಕಿ ಆಗಿರುತ್ತದೆ. ಸಮಯದ ಲೆಕ್ಕವನ್ನೂ ಸರಿಯಾಗಿ ಹಾಕಿ. 'ಎಂಡ್‌ಗೇಮ್' 181 ನಿಮಿಷದ ಚಿತ್ರ. ಇಂಟರ್‌ವಲ್ಲಿಗೆ 15 ನಿಮಿಷ, ಜಾಹೀರಾತಿಗೆ ಇನ್ನೊಂದು 10 ಸೇರಿಸಿದರೆ ಮೂರೂವರೆ ಗಂಟೆಗೆ ಹತ್ತಿರ. ಬಸ್ಸಿನಲ್ಲಿ ಹೋಗಿ ಬರಲು ಮೂರರಿಂದ ನಾಲ್ಕು ಗಂಟೆ. ಬೆಳಗ್ಗಿನ ಶೋ ಹಿಡಿದರೆ ಸಂಜೆಗೆ ಮನೆ. ಸಂಜೆಯ ಶೋಗೆ ಹೋದವರು ಹೆಸರುಗಳು ಉರುಳುವಾಗಲೇ ಎದ್ದು ಓಡಬೇಕಾಗುತ್ತದೆ. ಈ ಬಗೆಯ ಚಿತ್ರಗಳಲ್ಲಿ ಮುಂದಿನ ಕಥೆಯ ಸುಳಿವು ಇರುವುದೇ ಆ ಹೆಸರುಗಳ ನಡುವೆ ಅಥವಾ ಕೊನೆಗೆ. 'ಎಂಡ್‌ಗೇಮ್'ನಲ್ಲಿ ಮಾತ್ರ ಕೊನೆಯವರೆಗೆ ಕಾದವರಿಗೆ ಸಿಕ್ಕಿದ್ದು ಸುತ್ತಿಗೆಯ ಠಣ್ ಠಣ್ ಶಬ್ದವೊಂದೇ.

3ಡಿಯ ಬಗ್ಗೆ ಒಂದು ಮಾತು. ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ಹಂಚಬೇಕಾದ್ದರಿಂದ ಬೆಳಕಿನ ದೊಡ್ಡ ಪಾಲು ಫಿಲ್ಟರು, ಕನ್ನಡಕಗಳಲ್ಲೇ ಕಳೆದುಹೋಗುತ್ತದೆ. 2ಡಿಗೆ ಪರದೆಯ ಬೆಳಕು 14 ಫುಟ್‌ಲ್ಯಾಂಬರ್ಟ್ (ಪರದೆಯ ಪ್ರಕಾಶದ ಅಳತೆ) ಇರಬೇಕೆಂದು ಮಾನದಂಡ. 3ಡಿಯಲ್ಲಿ ಕಣ್ಣಿಗೆ ತಲುಪುವುದು ಸಾಮಾನ್ಯವಾಗಿ ನಾಲ್ಕೈದು. ದೀಪ ಹಳತಾದ ಪ್ರೊಜೆಕ್ಟರಾದರೆ ರಾತ್ರಿಯ ಹೊಡೆದಾಟದಲ್ಲಿ ಯಾರು ಯಾರಿಗೆ ಹೊಡೆದರು ಎಂದೇ ತಿಳಿಯುವುದಿಲ್ಲ. ಧ್ರುವೀಕರಣದ (ಪೋಲರೈಸ್ಡ್) ಕನ್ನಡಕ ಕೊಡುವ ಕಡೆ ಬೆಳ್ಳಿಬಣ್ಣದ ಪರದೆ ಇರುತ್ತದೆ. ಅದು ಬೆಳಕನ್ನು ನೇರ ಎದುರಿಗೆ ಹೆಚ್ಚು, ಬದಿಗಳಿಗೆ ಕಡಿಮೆ ಕಳಿಸುತ್ತದೆ. ಆದ್ದರಿಂದ ಸಾಲಿನ ಮೂಲೆಯ ಸೀಟು ಬೇಡ, ಪರದೆಯಿಂದ ಮೂರನೇ ಎರಡರಷ್ಟು ಹಿಂದೆ, ನಡುವಿನ ಸೀಟು ಆರಿಸಿ. ಕನ್ನಡಕಕ್ಕೆ ಬೆರಳ ಗುರುತು ಅಂಟಿದ್ದರೆ ಶೋಗೆ ಮೊದಲೇ ಬದಲಿಸಿಕೊಳ್ಳಿ. 3ಡಿಯ ಹುಚ್ಚಿಗೆ ಕೇರಳದಲ್ಲಿ ಹಳೆಯ ಬೇರು ಉಂಟು. ಭಾರತದ ಮೊದಲ 3ಡಿ ಚಿತ್ರ, 1984ರ 'ಮೈ ಡಿಯರ್ ಕುಟ್ಟಿಚ್ಚಾತ್ತನ್', ಮಲಯಾಳದ್ದು.

ಕುಟ್ಟಿಚಾತ, ಯಕ್ಷಿ ಇವರೆಲ್ಲ ಈ ಸೀಮೆಯ ಅಜ್ಜಿಕಥೆಗಳ ಮಂದಿ. ಮಲಯಾಳದವರು ಅವರನ್ನೇ ಸೂಪರ್‌ಹೀರೊ ಮಾಡಿದ್ದಾರೆ. 2025ರ ಆಗಸ್ಟ್ 28ಕ್ಕೆ ಬಂದ 'ಲೋಕಃ'ದ ಮೊದಲ ಭಾಗದ ನಾಯಕಿ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಐತಿಹ್ಯದಿಂದ ಬಂದವಳು, ಕಥೆ ನಡೆಯುವುದು ಬೆಂಗಳೂರಿನಲ್ಲಿ. ಮಲಯಾಳ ಬಾರದ ನೆಂಟರು ಊರಿನಿಂದ ಬಂದರೆ ಇಂಥ ಚಿತ್ರಕ್ಕೆ ಅವರನ್ನು ಕಾಸರಗೋಡಿನ ಥಿಯೇಟರಿಗೆ ಕರೆದೊಯ್ಯಬೇಡಿ. ಕೇರಳದೊಳಗೆ ಮಲಯಾಳ ಚಿತ್ರಕ್ಕೆ ಸಾಮಾನ್ಯವಾಗಿ ಸಬ್‌ಟೈಟಲ್ ಇರುವುದಿಲ್ಲ, ಹೊರರಾಜ್ಯಕ್ಕೆ ಹೋಗುವ ಪ್ರತಿಗೆ ಇಂಗ್ಲಿಷ್ ಸಬ್‌ಟೈಟಲ್ ಇರುವುದೇ ಹೆಚ್ಚು. ಕೇರಳದ ಚಿತ್ರ ಅರ್ಥವಾಗಬೇಕಾದರೆ ಕೇರಳ ಬಿಟ್ಟು ಮಂಗಳೂರಿಗೆ!

ವೀರನ ಪ್ರವೇಶಕ್ಕೆ ಶಿಳ್ಳೆ ಹೊಡೆಯುವುದನ್ನು ಮಾತ್ರ ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇದೇ ಜಿಲ್ಲೆಯಲ್ಲಿದೆ. ತೆಂಕುತಿಟ್ಟಿನ ಬಣ್ಣದ ವೇಷ ಬಂದ ಕೂಡಲೇ ಮುಖ ತೋರಿಸುವುದಿಲ್ಲ. ಮುಂದೆ ತೆರೆ ಹಿಡಿದಿರುತ್ತಾರೆ, ಮೇಲೆ ಕಿರೀಟವಷ್ಟೇ ಕಾಣುತ್ತದೆ, ಚೆಂಡೆ ಏರುತ್ತಾ ಹೋಗುತ್ತದೆ, ಸಭೆಗೆ ಇನ್ನು ತಡೆಯಲಾಗದು ಎನ್ನುವಾಗ ತೆರೆ ಸರಿಯುತ್ತದೆ. 'ಎಂಡ್‌ಗೇಮ್'ನಲ್ಲಿ ಥಾರ್‌ನ ಸುತ್ತಿಗೆ ತಾನಾಗಿ ನೆಲದಿಂದ ಏಳುತ್ತದೆ, ಅದು ಯಾರ ಕೈಗೆ ಹೋಯಿತೆಂಬುದು ಆಮೇಲೆ ಕಾಣುತ್ತದೆ. ಎರಡೂ ಒಂದೇ ವಿದ್ಯೆ. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಮುಖಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ಸಾಟಿಯಲ್ಲ ಎಂದು ಹಿರಿಯರು ಹೇಳಿದರೆ ಪೂರ್ತಿ ತಳ್ಳಿಹಾಕುವಂತಿಲ್ಲ.

ಮನೆಯಲ್ಲಿ ನೋಡುವವರಿಗೆ ಭಾಷೆಯ ರಗಳೆ ಕಡಿಮೆ. 2021ರ ಡಿಸೆಂಬರ್ 24ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಮಿನ್ನಲ್ ಮುರಳಿ' ಕನ್ನಡ ಆಡಿಯೊದಲ್ಲೂ ಬಂತು. ಸಿಡಿಲು ಬಡಿದು ಶಕ್ತಿ ಪಡೆಯುವ ಹಳ್ಳಿಯ ದರ್ಜಿಯೊಬ್ಬನ ಕಥೆ ಅದು. ಮಿನ್ನಲ್ ಎಂದರೆ ನಮ್ಮ ಮಿಂಚು. ಚಿತ್ರ ಓಡುವಾಗ ಆಡಿಯೊ ಪಟ್ಟಿ ತೆರೆದು ಕನ್ನಡ ಆರಿಸಬೇಕು. ಸಬ್‌ಟೈಟಲ್ ಪಟ್ಟಿ ಬೇರೆ, ಅದನ್ನು ಬದಲಿಸಿದರೆ ಮಾತು ಬದಲಾಗುವುದಿಲ್ಲ. ಆಡಿಯೊದಲ್ಲಿ 5.1 (ಆರು ಚಾನೆಲ್‌ಗಳ ಸದ್ದು) ಎಂದು ಬರೆದದ್ದಿದ್ದು ಟಿವಿಗೆ ಎರಡೇ ಸ್ಪೀಕರ್ ಇದ್ದರೆ ಹೊಡೆದಾಟ ಅಬ್ಬರಿಸಿ ಮಾತು ಪಿಸುಗುಟ್ಟಿದಂತಾಗಬಹುದು, ಏಕೆಂದರೆ ಮಾತು ಇರುವುದು ನಡುವಿನ ಚಾನೆಲ್‌ನಲ್ಲಿ. ಸ್ಟೀರಿಯೊ ಆಯ್ಕೆ ಇದ್ದರೆ ಅದಕ್ಕೆ ಬನ್ನಿ. ಚಲನೆಯನ್ನು ನುಣುಪಾಗಿಸುವ ಟಿವಿಯ ಮೋಶನ್ ಸ್ಮೂತಿಂಗ್ ಆಫ್ ಮಾಡಿಬಿಡಿ, ಇಲ್ಲವಾದರೆ ಸೂಪರ್‌ಹೀರೊ ಧಾರಾವಾಹಿಯ ಪಾತ್ರದ ಹಾಗೆ ಕಾಣುತ್ತಾನೆ. ಎಚ್‌ಡಿಗೆ ಗಂಟೆಗೆ ಸುಮಾರು 3 ಜಿಬಿ ಡೇಟಾ ಬೇಕು. ದಿನಕ್ಕೆ 2 ಜಿಬಿಯ ಪ್ಯಾಕಿನವರು ಕಡಿಮೆ ಗುಣಮಟ್ಟದಲ್ಲಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ತುಲಾ ತಿಂಗಳ ಮಳೆ, ಎಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್‌ವರೆಗೆ, ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಿಡಿಲಿನ ಜೊತೆಗೇ ಬರುತ್ತದೆ. ಇಲ್ಲಿ ಸಿಡಿಲು ಬಡಿದರೆ ಯಾರೂ ಮುರಳಿಯಾಗುವುದಿಲ್ಲ, ಮೋಡೆಮ್ ಹೋಗುತ್ತದೆ ಅಷ್ಟೆ. ಇಂಟರ್‌ನೆಟ್ ಫೈಬರಿನದ್ದು, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಸುಮ್ಮನೆ ಕೂತವರ ಮನೆಯಲ್ಲೂ ಹೋಗುತ್ತದೆ, ಏಕೆಂದರೆ ಹೊಡೆತ ಬರುವುದು ಅಡಾಪ್ಟರಿನ ದಾರಿಯಲ್ಲಿ, ಟಿವಿಗೆ ಹಾಕಿದ ಲ್ಯಾನ್ ವೈರಿನ ದಾರಿಯಲ್ಲಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಡಿಶ್ ಇದ್ದರೆ ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲನ್ನೂ ಬಿಚ್ಚಬೇಕು. ಇದೆಲ್ಲ ಗುಡುಗು ದೂರದಲ್ಲಿ ಕೇಳಿಸುವಾಗಲೇ ಆಗಬೇಕು, ತಲೆ ಮೇಲೆ ಬಂದ ಮೇಲೆ ವೈರು ಮುಟ್ಟಲು ಹೋಗಬೇಡಿ.