ನಾನ್-ಏಲಿಯನ್

ಟ್ಯಾಕ್ಸ್ ಫಾರಂ ತುಂಬುವಾಗೆಲ್ಲ ನನಗೆ ನಗು ಬರುತ್ತದೆ. ಅಮೆರಿಕದ ಲೆಕ್ಕದಲ್ಲಿ ನಾನು 'ರೆಸಿಡೆಂಟ್ ಏಲಿಯನ್', ಅಂದರೆ ಇಲ್ಲಿ ನೆಲೆಸಿರುವ ವಿದೇಶಿ. ಹಾರುವ ತಟ್ಟೆಯಿಂದ ಇಳಿದು ಬಂದವನ ಹಾಗೆ. ನನ್ನ ಹೆಂಡತಿಯೂ ಏಲಿಯನ್ನೇ. ಇಲ್ಲೇ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಹುಟ್ಟಿದ ಮಗಳು ಮಾತ್ರ ಅಲ್ಲ. ಅವಳು ಸಿಟಿಜನ್. ಅದಕ್ಕೆ ಬೇರೆ ಹೆಸರೇನೂ ಬೇಕಿಲ್ಲ, ಅಲ್ವಾ?

1942ರಲ್ಲಿ ಬೇಕಾಗಿತ್ತು. ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದ ಆ ವರ್ಷ ಅಮೆರಿಕದ ಪಶ್ಚಿಮ ಕರಾವಳಿಯ ಊರುಗಳಲ್ಲಿ ಕಂಬ ಕಂಬಕ್ಕೂ ಸೈನ್ಯದ ನೋಟಿಸು ಅಂಟಿಸಿದ್ದರು. ಜಪಾನಿ ಮೂಲದವರೆಲ್ಲ, 'ಏಲಿಯನ್ ಮತ್ತು ನಾನ್-ಏಲಿಯನ್' ಇಬ್ಬರೂ, ಇಂಥ ದಿನ ಮಧ್ಯಾಹ್ನ 12ರೊಳಗೆ ಜಾಗ ಖಾಲಿ ಮಾಡಬೇಕು. ಕೈಯಲ್ಲಿ ಹೊರುವಷ್ಟು ಸಾಮಾನು ತರಬಹುದು. ಆ 'ನಾನ್-ಏಲಿಯನ್' ಅಂದರೆ ಯಾರು? ಅಮೆರಿಕದ ಪ್ರಜೆಗಳು! 'ಪ್ರಜೆಗಳನ್ನು ಹೊರಗೆ ಹಾಕುತ್ತಿದ್ದೇವೆ' ಅಂತ ಬರೆಯೋಕೆ ಯಾರಿಗೋ ಕೈ ಬಂದಿಲ್ಲ, ಸುತ್ತು ಬಳಸಿ ಹೀಗೆ ಬರೆದಿದ್ದಾರೆ. ಹೀಗೆ ಸರ್ಕಾರ ಕೂಡಿಹಾಕಿದ ಕ್ಯಾಂಪು ಸೇರಿದ ಸುಮಾರು 1,20,000 ಜನರಲ್ಲಿ ಮೂರರಲ್ಲಿ ಎರಡು ಪಾಲು ಇದೇ ನಾನ್-ಏಲಿಯನ್‌ಗಳು. ಅವರ ಅಪ್ಪ ಅಮ್ಮಂದಿರು ಪ್ರಜೆಗಳಾಗೋಕೆ ಆಗಿನ ಕಾನೂನೇ ಬಿಡುತ್ತಿರಲಿಲ್ಲ.

ಇದೆಲ್ಲ ನನ್ನ ತಲೆಗೆ ಹೊಕ್ಕಿದ್ದು ಕ್ಯಾಟಲೀನಾ ಹೈವೇಯಲ್ಲಿ. ಟೂಸಾನ್ ಪಕ್ಕದ ಬೆಟ್ಟದ ಮೇಲೆ ಹೋಗುವ ಈ ರಸ್ತೆಯನ್ನು ಕೈದಿಗಳು ಕಡಿದು ಮಾಡಿದ್ದು. ಅವರಿದ್ದ ಬಯಲು ಜೈಲಿನ ಕಟ್ಟಡಗಳು ಈಗಿಲ್ಲ. ಬರೀ ತಳಪಾಯ, ಮುಳ್ಳುಕಳ್ಳಿ. ಆ ಜಾಗಕ್ಕೆ ಅಲ್ಲಿದ್ದ ಒಬ್ಬ ಕೈದಿಯದೇ ಹೆಸರಿಟ್ಟಿದ್ದಾರೆ: ಗಾರ್ಡನ್ ಹಿರಾಬಾಯಾಶಿ. ಮಗಳು ಬೋರ್ಡಿನ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಓದಿದಳು.

ಗಾರ್ಡನ್ ಹುಟ್ಟಿದ್ದು ಸಿಯಾಟಲ್‌ನಲ್ಲಿ, 1918ರಲ್ಲಿ. 1942ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಯುದ್ಧ ವಿರೋಧಿಸುವ ಕ್ವೇಕರ್ ಅನ್ನುವ ಕ್ರೈಸ್ತ ಪಂಥ ಸೇರಿದ್ದವರು. ಜಪಾನಿ ಮೂಲದವರು ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ಮನೆಯೊಳಗಿರಬೇಕು ಅಂತ ಕರ್ಫ್ಯೂ ಬಂತು. ಜರ್ಮನ್, ಇಟಾಲಿಯನ್ ವಿದೇಶಿಯರಿಗೂ ಅದು ಇತ್ತು. ಆದರೆ ಇಲ್ಲೇ ಹುಟ್ಟಿದ ಅವರ ಮಕ್ಕಳಿಗೆ ಇರಲಿಲ್ಲ! ಮೊದಲು ಗಾರ್ಡನ್ ಕೂಡ ಗಡಿಯಾರ ನೋಡಿಕೊಂಡು ಲೈಬ್ರರಿಯಿಂದ ಹಾಸ್ಟೆಲಿಗೆ ಓಡುತ್ತಿದ್ದರು. ಒಂದು ರಾತ್ರಿ ಓಡುತ್ತಾ ಓಡುತ್ತಾ ಅನ್ನಿಸಿತು: ಜೊತೆಯಲ್ಲಿ ಓದುವವರು ಯಾರೂ ಓಡುತ್ತಿಲ್ಲ, ನಾನ್ಯಾಕೆ ಓಡಬೇಕು? ತಿರುಗಿ ಲೈಬ್ರರಿಗೇ ಹೋದರು.

ಮೇ 16ಕ್ಕೆ ವಕೀಲರ ಜೊತೆ ತಾವೇ ಎಫ್‌ಬಿಐ ಆಫೀಸಿಗೆ ಹೋಗಿ, ನಾನು ಕ್ಯಾಂಪಿಗೆ ಹೋಗುವುದಿಲ್ಲ ಅಂತ ಬರೆದ ಕಾಗದ ಕೊಟ್ಟರು. ಬ್ಯಾಗಿನಲ್ಲಿ ಡೈರಿಯೂ ಇತ್ತು. ಅದರಲ್ಲಿ ಕರ್ಫ್ಯೂ ಮುರಿದದ್ದೆಲ್ಲ ಬರೆದಿಟ್ಟಿದ್ದರಂತೆ! ಕೇಸು ಒಂದಿದ್ದದ್ದು ಎರಡಾಯಿತು. ಪೋರ್ಟ್‌ಲ್ಯಾಂಡಿನ ವಕೀಲ ಮಿನೋರು ಯಾಸುಯಿ ಅವರದ್ದೂ ಹೀಗೇ. ಬೇಕಂತಲೇ ಕರ್ಫ್ಯೂನಲ್ಲಿ ಬೀದಿ ಸುತ್ತಿದರೂ ಯಾರೂ ಹಿಡಿಯಲಿಲ್ಲ. ಕೊನೆಗೆ ಸ್ಟೇಷನ್ನಿಗೇ ಹೋಗಿ, ನನ್ನನ್ನು ಒಳಗೆ ಹಾಕಿ ಅಂದರು. ಪ್ರತಿಭಟನೆ ಅಂದರೆ ಘೋಷಣೆ ಕೂಗುವುದು ಅಂತ ನಾನಂದುಕೊಂಡಿದ್ದೆ. ಇವರು ಕ್ಯೂ ನಿಂತು ಬಂಧನ ಕೇಳಿ ಪಡೆದರು.

ಗಾರ್ಡನ್ ಅವರ ತಾಯಿ ಅತ್ತಿದ್ದರು. ನೀನು ಮಾಡುತ್ತಿರುವುದು ಸರಿ, ಆದರೂ ಈಗ ನಮ್ಮ ಜೊತೆ ಬಾ, ಮತ್ತೆ ಒಟ್ಟಿಗೆ ಸೇರುತ್ತೇವೋ ಇಲ್ಲವೋ ಅಂತ. ಮಗ ಹೋಗಲಿಲ್ಲ. ತಾಯಿ ಟೂಲಿ ಲೇಕ್ ಕ್ಯಾಂಪಿನಲ್ಲಿದ್ದಾಗ ಇಬ್ಬರು ಹೆಂಗಸರು ದೂರದ ಇನ್ನೊಂದು ಮೂಲೆಯಿಂದ ಧೂಳಲ್ಲಿ ನಡೆದು ಬಂದು, ನಿಮ್ಮ ಮಗನಿಗೆ ಥ್ಯಾಂಕ್ಸ್ ಹೇಳೋಣ ಅಂತ ಬಂದೆವು ಅಂದರಂತೆ. ತಾಯಿಯ ಪತ್ರದಲ್ಲಿ ಅದನ್ನು ಓದಿದ ಮೇಲೆ ಗಾರ್ಡನ್ ಅವರ ಎದೆಯ ಭಾರ ಇಳಿಯಿತು.

ಇನ್ನು ಶಿಕ್ಷೆಯದು ಒಂದು ತಮಾಷೆ. ನಾಲ್ಕು ಗೋಡೆ ಬೇಡ, ಬಯಲಿನಲ್ಲಿ ಕೆಲಸ ಮಾಡುವ ಜೈಲು ಕೊಡಿ ಅಂದರು ಗಾರ್ಡನ್. ಅದಕ್ಕೆ ಕನಿಷ್ಠ 90 ದಿನದ ಶಿಕ್ಷೆ ಬೇಕು. ಸರಿ, ಜಡ್ಜ್ ಎರಡೂ ಕೇಸಿಗೆ 90 ದಿನ ಹಾಕಿ, ಒಟ್ಟಿಗೇ ಅನುಭವಿಸಲಿ ಅಂದರು. ಈ ಸಣ್ಣ ಉಪಕಾರವೇ ಮುಳುವಾಯಿತು. 1943ರಲ್ಲಿ ಸುಪ್ರೀಂ ಕೋರ್ಟು, ಹೇಗೂ ಎರಡು ಶಿಕ್ಷೆ ಒಟ್ಟಿಗೇ ಇದೆಯಲ್ಲ ಅಂತ, ಕರ್ಫ್ಯೂ ಕೇಸನ್ನು ಮಾತ್ರ ಎತ್ತಿಕೊಂಡಿತು. ಒಮ್ಮತದಿಂದ ಸರ್ಕಾರವನ್ನೇ ಗೆಲ್ಲಿಸಿತು. ಮನೆ ಬಿಡಿಸಿದ್ದು ಸರಿಯಾ ಅನ್ನುವ ಪ್ರಶ್ನೆಯನ್ನು ಮುಟ್ಟಲೇ ಇಲ್ಲ.

ಅವರನ್ನು ಟೂಸಾನ್‌ನ ಈ ಬಯಲು ಜೈಲಿಗೆ ಕಳಿಸೋಕೆ ಸರ್ಕಾರದ ಹತ್ತಿರ ದುಡ್ಡಿರಲಿಲ್ಲ. ಹಾಗಾಗಿ ಸಿಕ್ಕ ಸಿಕ್ಕ ಗಾಡಿಗೆ ಕೈ ಅಡ್ಡ ಹಿಡಿದು, ಲಿಫ್ಟ್ ಕೇಳಿಕೊಂಡು ಜೈಲಿಗೆ ಬಂದರು. ಇಲ್ಲಿನ ಅಧಿಕಾರಿ, ನಿನ್ನ ಪೇಪರ್ ನಮಗೆ ಬಂದಿಲ್ಲ, ಮನೆಗೆ ಹೋಗು ಅಂದರು. ಮುಂದೆ ಯಾವಾಗಲೋ ಸಿಕ್ಕರೆ ಮತ್ತೆ ಇಷ್ಟು ದೂರ ಬರಬೇಕಲ್ಲ ಅಂತ ಗಾರ್ಡನ್ ಹಟ ಹಿಡಿದರು. ಹಾಗಾದರೆ ಎಸಿ ಇರುವ ಟಾಕೀಸಿಗೆ ಹೋಗಿ ಸಿನಿಮಾ ನೋಡಿ ಬಾ, ಅಷ್ಟರಲ್ಲಿ ಹುಡುಕುತ್ತೇವೆ ಅಂದರು. ಸಂಜೆಗೆ ರಾಶಿಯ ಅಡಿಯಲ್ಲಿ ಪೇಪರ್ ಸಿಕ್ಕಿತು.

ಕೋರ್ಟುಗಳು ಗಾರ್ಡನ್ ತಪ್ಪಿತಸ್ಥ ಅನ್ನುವ ಆ ಎರಡೂ ಕೇಸಿನ ತೀರ್ಪು ರದ್ದು ಮಾಡಿ ಮುಗಿಸುವ ಹೊತ್ತಿಗೆ 1987.

ಮಗಳಿಗೆ ಈ ಕಥೆಯಲ್ಲಿ ಸಿನಿಮಾ ಭಾಗ ಜಾಸ್ತಿ ಇಷ್ಟ. ಕಾರಿಗೆ ಬಂದು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾ ಕೇಳಿದಳು: "ಅಪ್ಪ, ಸಿನಿಮಾ ಮುಗಿಯೋವಾಗ 8 ಗಂಟೆ ಆಗಿಬಿಟ್ಟಿದ್ರೆ?"