ಹುಲ್ಲಿನ ಮೇಲಿನ ಹುಡುಗ ಕೈ ಬೀಸಿದ

ಡಿಸೆಂಬರ್ ತಿಂಗಳು. ಗಂಗಾವತಿಯಿಂದ ಸಿಂಧನೂರಿಗೆ ಹೊರಟಿದ್ದೆವು. ಭತ್ತದ ಕಟಾವಿನ ಹೊತ್ತಿಗೆ ಆ ರಸ್ತೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಭತ್ತದ ಲಾರಿ, ಕಟಾವು ಮಷೀನು, ಹುಲ್ಲು ಹೇರಿದ ಟ್ರ್ಯಾಕ್ಟರ್.

ಕಾರಟಗಿಗೆ ಮೊದಲೇ ಅಂಥದ್ದೊಂದು ಟ್ರ್ಯಾಕ್ಟರ್ ಮುಂದೆ ಸಿಕ್ಕಿತು. ಹುಲ್ಲು ಟ್ರಾಲಿಯ ಎರಡೂ ಬದಿಗೆ ಚಾಚಿಕೊಂಡಿತ್ತು. ಡ್ರೈವರ್ ನಮಗೆ ಕಾಣುತ್ತಿರಲಿಲ್ಲ. ಅಂದರೆ ಅವನಿಗೂ ನಾವು ಕಾಣುತ್ತಿರಲಿಲ್ಲ. ಹುಲ್ಲಿನ ಮೇಲೆ ಒಬ್ಬ ಹುಡುಗ ಕೂತಿದ್ದ. ನಾನು ಹಾರ್ನ್ ಹೊಡೆದೆ. ಅವನು ಮುಂದೆ ನೋಡಿ, 'ಹೋಗ್ರಿ' ಅನ್ನುವ ಹಾಗೆ ಕೈ ಬೀಸಿದ.

ನಾನು ಬಲಕ್ಕೆ ತಿರುಗಿಸಿದೆ. ಕಾಲುವೆ ದಾರಿಯಿಂದ ಒಂದು ಬೈಕು ಮೇಲೆ ಹತ್ತಿ ನೇರ ನಮ್ಮೆದುರಿಗೇ ಬಂತು. ಹಿಂದೆ ಹೆಣ್ಣುಮಗಳು, ಮಡಿಲಲ್ಲಿ ಕೂಸು. ಬ್ರೇಕ್ ಒತ್ತಿ ಮತ್ತೆ ಟ್ರಾಲಿ ಹಿಂದೆ ಸೇರಿಕೊಂಡೆ. ಬೈಕು ಹುಲ್ಲನ್ನು ಸವರಿಕೊಂಡೇ ಹೋಯಿತು. ನನ್ನ ಕೈ ನಡುಗುತ್ತಿತ್ತು.

ಪಕ್ಕದಲ್ಲಿ ಮಾವ ಇದ್ದರು. ಅಕ್ಕನ ಗಂಡ. ಸರಕು ಹಡಗಿನಲ್ಲಿ ಕೆಲಸ, ರಜೆಗೆ ಬಂದಿದ್ದರು. ಬೈಯಲಿಲ್ಲ.

"ಆ ಹುಡುಗ ಕೈ ಮಾಡಿದ ಅಂತ ಹೊಂಟ್ಯಲ್ಲ, ನಿನಗೇನು ಕಾಣಿಸಿತ್ತು?"

ಏನೂ ಕಾಣಿಸಿರಲಿಲ್ಲ.

ಆಮೇಲೆ ಅವರು ಸಮುದ್ರದ ಕಥೆ ಹೇಳಿದರು. ಹಡಗುಗಳು ಡಿಕ್ಕಿಯಾಗದಂತೆ 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಿವೆ. ರಾತ್ರಿ ಹೊತ್ತು ಮುಂದಿನ ಹಡಗಿನ ಹಿಂಬದಿಯ ಬಿಳಿ ದೀಪ ಮಾತ್ರ ಕಂಡು, ಪಕ್ಕದ ಕೆಂಪು, ಹಸಿರು ದೀಪ ಕಾಣದಿದ್ದರೆ, ಹತ್ತಿರ ಬರುತ್ತಿರುವ ನೀನು ಓವರ್‌ಟೇಕ್ ಮಾಡುವವನು. ಅನುಮಾನ ಇದ್ದರೂ ಹಾಗೇ ಅಂದುಕೊಳ್ಳಬೇಕು. ಕಿರಿದಾದ ಜಲಮಾರ್ಗದಲ್ಲಿ ಮುಂದಿನವನು ಜಾಗ ಬಿಡಬೇಕಾದರೆ ಹಾರ್ನಿನಲ್ಲಿ ಕೇಳುತ್ತಾರೆ. ಎರಡು ಉದ್ದ, ಒಂದು ಗಿಡ್ಡ ಅಂದರೆ ಬಲಗಡೆಯಿಂದ ಬರ್ತೀನಿ. ಎರಡು ಉದ್ದ, ಎರಡು ಗಿಡ್ಡ ಅಂದರೆ ಎಡಗಡೆಯಿಂದ. ಮುಂದಿನವನು ಒಪ್ಪಿದರೆ ಉದ್ದ, ಗಿಡ್ಡ, ಉದ್ದ, ಗಿಡ್ಡ.

"ಅಂವ ಒಪ್ಪಿದ ಮೇಲೂ ಹೊಣೆ ನಿಂದೇ. ಪೂರ್ತಿ ದಾಟಿ ದೂರ ಆಗೋ ತನಕ ನೀನೇ ತಪ್ಪಿಸಿಕೊಂಡು ಹೋಗಬೇಕು," ಅಂದರು.

ಆ ಮಾತು ನನ್ನ ಮನಸ್ಸಿಗೆ ನಾಟಿತು. ನಮ್ಮ ರಸ್ತೆಗಳಲ್ಲಿ ಮುಂದಿನವನ ಕೈಸನ್ನೆಯನ್ನೇ ನಂಬಿ ಎಷ್ಟು ಜನ ನುಗ್ಗುತ್ತೇವೆ ಅಲ್ವಾ? ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೆ.

ಹಿಂದೆಯೇ ಹೋಗುತ್ತಾ ಲೆಕ್ಕ ಹಾಕಿದೆವು. ಟ್ರ್ಯಾಕ್ಟರ್ ಗಂಟೆಗೆ 30 ಕಿಲೋಮೀಟರ್, ನಾವು 60 ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಅದಕ್ಕಿಂತ ಸುಮಾರು 8 ಮೀಟರ್ ಮಾತ್ರ ಜಾಸ್ತಿ ಸಾಗುತ್ತೇವೆ. ಹಿಂದಿನ ಅಂತರ, ಟ್ರಾಲಿ, ಮುಂದಿನ ಅಂತರ ಸೇರಿ 50 ಮೀಟರ್ ಆದರೆ 6 ಸೆಕೆಂಡು ಬೇಕು. ಅಷ್ಟರಲ್ಲಿ ನಾವು 100 ಮೀಟರ್ ಓಡಿರುತ್ತೇವೆ. ಎದುರಿನ ಲಾರಿಯೂ 60ರಲ್ಲಿದ್ದರೆ ಅದೂ 100. ಅಂದರೆ 200 ಮೀಟರ್ ಖಾಲಿ ರಸ್ತೆ ಇದ್ದರೂ ಮುಖಾಮುಖಿಯೇ. ಅದಕ್ಕಿಂತ ಎಷ್ಟೋ ಜಾಸ್ತಿ ಕಾಣಿಸಬೇಕು. ನನಗೆ ಕಾಣಿಸಿದ್ದು ಬರೀ ಹುಲ್ಲು.

ಇನ್ನಷ್ಟು ಹಿಂದೆ ಸರಿದೆ. ಹಿಂದೆ ಸರಿದಷ್ಟೂ ಟ್ರಾಲಿಯ ಆಚೆಗಿನ ರಸ್ತೆ ಕಾಣುತ್ತಾ ಹೋಯಿತು. ಎರಡು ತಿರುವು, ಒಂದು ಸೇತುವೆ ಸುಮ್ನೆ ದಾಟಿದೆವು. ಹುಡುಗ ಮತ್ತೆರಡು ಸಲ ಕೈ ಬೀಸಿದ. ಪಾಪ, ಅವನದು ಒಳ್ಳೆ ಮನಸ್ಸು.

ಆಮೇಲೆ ಎರಡೂ ಕಡೆ ಬರೀ ಗದ್ದೆ, ನೇರ ರಸ್ತೆ, ಮಧ್ಯೆ ತುಂಡು ಗೆರೆ. ಕನ್ನಡಿ ನೋಡಿದೆ, ಇಂಡಿಕೇಟರ್ ಹಾಕಿದೆ, ಹಾರ್ನ್ ಹೊಡೆದು ಬಲಕ್ಕೆ ಬಂದೆ. ಟ್ರ್ಯಾಕ್ಟರ್ ದಾಟಿದ ಕೂಡಲೇ ಎಡಕ್ಕೆ ಎಳೆಯಲು ಹೋದೆ. "ತಡಿ," ಅಂದರು ಮಾವ. ಒಳಗಿನ ಕನ್ನಡಿಯಲ್ಲಿ ಟ್ರ್ಯಾಕ್ಟರಿನ ಎರಡೂ ದೀಪ ಕಂಡವು. ಆಗ ನಿಧಾನವಾಗಿ ಎಡಕ್ಕೆ ಬಂದೆ.

"ಹಾಂ, ಈಗ ದಾಟಿದಿ," ಅಂದರು.