ನಾಲ್ಕು ಗೇರಿನ ಕಾರಿಗೆ ಐದನೆಯದು

ಮೂರು ಶನಿವಾರ ಹೋಯಿತು. ನಮ್ಮ ಹಳೇ ಮಾರುತಿ 800 ಇನ್ನೂ ಗ್ಯಾರೇಜಿನಲ್ಲೇ ಹೊಟ್ಟೆ ಬಿಚ್ಚಿಕೊಂಡು ಕೂತಿದೆ.

1983ರ ಡಿಸೆಂಬರ್‌ನಲ್ಲಿ ಈ ಕಾರು ಬಂದಾಗ ಇದ್ದದ್ದು ನಾಲ್ಕೇ ಗೇರ್. ನಮ್ಮದೂ ಅದೇ ವಂಶ. ಊರೊಳಗೆ ಏನೂ ತೊಂದರೆಯಿಲ್ಲ. ತುಮಕೂರು ರಸ್ತೆಯಲ್ಲಿ ಎಂಬತ್ತು ದಾಟಿದರೆ ಮಾತ್ರ ಇಂಜಿನ್ ಅರಚುತ್ತದೆ, ಇಲ್ಲದ ಐದನೇ ಗೇರನ್ನು ನನ್ನ ಕೈ ಸುಮ್ನೆ ಹುಡುಕುತ್ತದೆ. ಅದಕ್ಕೇ ಆಮೇಲಿನ ಐದು ಗೇರಿನ ಮಾಡೆಲ್‌ನ ಗೇರ್‌ಬಾಕ್ಸ್ ಒಂದನ್ನು ಗುಜರಿಯಿಂದ ತಂದೆ. ಅದೇ ಕಂಪನಿ, ಅದೇ 796 ಸಿಸಿ ಇಂಜಿನ್. ಕೂರಲೇಬೇಕು ಅಲ್ವಾ?

ಮೇಸ್ತ್ರಿ ನಕ್ಕರು. ಬೋಲ್ಟಿನ ತೂತು ಕೂತರೆ ಸಾಲದಂತೆ. ಬಾಕ್ಸಿನಿಂದ ಇಂಜಿನ್ ಕಡೆಗೆ ಚಾಚಿದ ಕಂಬಿ, ಅಂದರೆ ಇನ್‌ಪುಟ್ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿನ ನಡುವೆ ಸರಿಯಾಗಿ ಇಳಿಯಬೇಕು. ಆ ಪ್ಲೇಟಿನ ಅಗಲ ಅದನ್ನು ಒತ್ತಿ ಹಿಡಿಯುವ ನಮ್ಮ ಪ್ರೆಶರ್ ಪ್ಲೇಟಿಗೆ ಹೊಂದಬೇಕು. ಚಕ್ರ ತಿರುಗಿಸುವ ಆಕ್ಸಲ್ ತುದಿಯ ಹಲ್ಲು, ಗೇರ್ ರಾಡಿನ ಉದ್ದ, ಬಾಕ್ಸನ್ನು ಹಿಡಿದಿಡುವ ಮೌಂಟಿಂಗ್, ಎಲ್ಲವೂ ಹೊಂದಬೇಕು. ಮೀಟರ್ ಕೇಬಲಿನ ಪುಟ್ಟ ಹಲ್ಲುಚಕ್ರ, ಆ ಪಿನಿಯನ್, ಬೇರೆಯಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ! ಮದುವೆಗೆ ಜಾತಕ ನೋಡುವವರ ಹಾಗೆ ಇಬ್ಬರೂ ಕೂತು ಬೆರಳಿಟ್ಟು ಹಲ್ಲು ಎಣಿಸಿದೆವು. ನಾನು ಎರಡು ಸಲ ಲೆಕ್ಕ ತಪ್ಪಿದೆ.

ಕೊನೆಗೆ ಕ್ಲಚ್, ಆಕ್ಸಲ್, ರಾಡ್ ಎಲ್ಲವನ್ನೂ ಈ ಬಾಕ್ಸ್ ಬಿಚ್ಚಿದ ಆ ಗುಜರಿ ಕಾರಿನಿಂದಲೇ ತರೋಣ ಅಂತಾಯಿತು. ಬಾಕ್ಸಿಗಿಂತ ಇದರ ಖರ್ಚೇ ಜಾಸ್ತಿ ಆಗುವ ಹಾಗಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಗೇರ್ ನಾಬ್ ಮಾತ್ರ ಬದಲಿಸಬೇಡಿ ಅಂದೆ. ಅದರ ಅಂಕಿಗಳೆಲ್ಲ ಅಪ್ಪನ ಅಂಗೈಗೆ ಸವೆದಿವೆ. ಐದನೆಯದು ಎಲ್ಲಿದೆ ಅಂತ ಕೈಗೆ ಗೊತ್ತಾದರೆ ಸಾಕು.